ಮಂಜಿನೊಳಗಣ ಹೆಬ್ಬಾಗಿಲು

ಶರದೃತುವಿನ ಮಂಜಿಗೂ ಹಳೆಯ ಕಲ್ಲಿನ ಬಾಗಿಲಿಗೂ ಛಾಯಾಚಿತ್ರ ತೆಗೆಯುವವರ ಮನಸ್ಸಿನಲ್ಲಿ ಬಹುಕಾಲದ ನಂಟು ಉಂಟು. ಎಲೆಯುದುರುವ ಕಾಡು, ಅದರ ನಡುವೆ ಪಾಚಿ ಹಿಡಿದ ಕಮಾನು, ಸುತ್ತಲೂ ಹಾಲು ಚೆಲ್ಲಿದಂತೆ ಮಂಜು—ಇಂತಹ ಪಟಗಳು ಪಾಶ್ಚಾತ್ಯ ದೇಶಗಳ ಪತ್ರಿಕೆಗಳಲ್ಲಿಯೂ ಗೋಡೆಯ ಕ್ಯಾಲೆಂಡರುಗಳಲ್ಲಿಯೂ ಹೇರಳವಾಗಿ ಕಾಣಬರುತ್ತವೆ. ಅವನ್ನು ಕಂಡ ನಮ್ಮ ಯುವಕ ಯುವತಿಯರು ತಾವೂ ಅಂತಹದೊಂದನ್ನು ತೆಗೆಯಬೇಕೆಂದು ಆಶಿಸುವುದು ಸಹಜವೇ ಸರಿ. ಅದಕ್ಕಾಗಿ ಸಮುದ್ರವನ್ನು ದಾಟಬೇಕಾಗಿಲ್ಲ. ನಮ್ಮ ಸೀಮೆಯಲ್ಲಿಯೇ ತಕ್ಕ ಸ್ಥಳವೊಂದು ಇರುವುದು. ಆದರೆ ಅಲ್ಲಿ ಒಂದು ಪಟವನ್ನು ತೆಗೆದು ಹಿಂದಿರುಗಬಾರದು, ಎರಡನ್ನು ತೆಗೆಯಬೇಕು. ಅದೇಕೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಕೊಳ್ಳೇಗಾಲದಿಂದ ಚಾಮರಾಜನಗರಕ್ಕೆ ಹೋಗುವ ಹಾದಿಯಲ್ಲಿ ಯಳಂದೂರೆಂಬ ಊರಿದೆ. ಸುವರ್ಣಾವತಿಯ, ಎಂದರೆ ಜನರ ಬಾಯಲ್ಲಿ ಹೊನ್ನುಹೊಳೆಯ, ನೀರನ್ನುಂಡು ಬೆಳೆದ ಊರು ಇದು. ಹಿಂದೆ ಹದಿನಾಡಿನ ಪ್ರಭುಗಳು ಇಲ್ಲಿಂದ ಆಳುತ್ತಿದ್ದರು. 1807ರಲ್ಲಿ ಇದು ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. 'ಹದಿಬದೆಯ ಧರ್ಮ'ವನ್ನು ರಚಿಸಿದ ಸಂಚಿಯ ಹೊನ್ನಮ್ಮನು ಈ ಊರಿನ ಮಗಳೆಂಬುದು ಕನ್ನಡ ಬಲ್ಲ ಮನೆಗಳಿಗೆಲ್ಲ ತಿಳಿದ ವಿಷಯವೇ. ಊರಿನ ಗೌರೀಶ್ವರ ದೇವಾಲಯವನ್ನು ಹದಿನಾಡಿನ ಸಿಂಗೆದೇಪ ಭೂಪಾಲನು ಕಟ್ಟಿಸಿದನೆಂದು ಚರಿತ್ರಕಾರರು ಹೇಳುವರು. ಆ ದೇವಾಲಯದ ಮಹಾದ್ವಾರವೇ ನಾವು ಹೇಳಹೊರಟಿರುವ ಬಾಗಿಲು.

ದಕ್ಷಿಣದೇಶದ ದೇವಾಲಯದ ಮಹಾದ್ವಾರವೆಂದೊಡನೆ ಅದರ ಮೇಲೆ ಎತ್ತರವಾದ ಗೋಪುರವನ್ನು ನಾವು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳುತ್ತೇವೆ. ಇಲ್ಲಿ ಗೋಪುರವಿಲ್ಲ. ಕಂಬಗಳ ಮೇಲೆ ನಿಂತ ಕಲ್ಲಿನ ಮಂಟಪವೊಂದೇ ಇರುವುದು. ಅದರ ಗೋಡೆಗಳಲ್ಲಿಯೂ ಕಂಬಗಳಲ್ಲಿಯೂ ಶೈವ ವೈಷ್ಣವವೆಂಬ ಭೇದವಿಲ್ಲದೆ ಪುರಾಣಮೂರ್ತಿಗಳು ತುಂಬಿವೆ. ಸೂರಿನ ಮೂಲೆಗಳಲ್ಲಿಯಾದರೋ ಶಿಲ್ಪಿಯು ತನ್ನ ಕೈಚಳಕದ ಎಲ್ಲೆಯನ್ನೇ ತೋರಿಸಿರುವನು. ಒಂದೇ ಕಲ್ಲಿನಿಂದ ಬಿಡಿಸಿದ ಬಳೆಗಳು ಒಂದರೊಳಗೊಂದು ಕೋದುಕೊಂಡು ಸರಪಣಿಯಂತೆ ಇಳಿಬಿದ್ದಿವೆ. ಆದಕಾರಣ ಜನರು ಇದನ್ನು ಬಳೆಮಂಟಪವೆಂದು ಕರೆದರು. ಕಟ್ಟಿಸಿದ ದೊರೆಯ ಹೆಸರನ್ನಾಗಲಿ, ಒಳಗಣ ದೇವರ ಹೆಸರನ್ನಾಗಲಿ ಬಾಗಿಲಿಗೆ ಇಡದೆ, ಹೆಣ್ಣುಮಕ್ಕಳ ಕೈಯ ಬಳೆಯ ಹೆಸರನ್ನಿಟ್ಟ ಊರು ಇದು.

ಇದನ್ನು ಕಮಾನೆಂದು ಕರೆಯಬಹುದೇ ಎಂದು ಯಾರಾದರೂ ಕೇಳಿದರೆ, ಶಾಸ್ತ್ರರೀತಿಯಿಂದ ಆಗದೆಂದೇ ಉತ್ತರ ಹೇಳಬೇಕು. ಕಮಾನು ಎಂಬುದು ಪಾರಸಿ ಮಾತು; ಅದರ ಅರ್ಥ ಬಿಲ್ಲು. ನಿಜವಾದ ಕಮಾನಿನಲ್ಲಿ ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು, ನೆತ್ತಿಯ ಕಲ್ಲಿನ ಬಿಗಿಯಿಂದ ಬಿಲ್ಲಿನಂತೆ ಬಾಗಿ ನಿಲ್ಲುವುವು. ನಮ್ಮ ದೇವಾಲಯಗಳ ಪದ್ಧತಿ ಬೇರೆ. ನೆಟ್ಟ ಕಂಬಗಳ ಮೇಲೆ ತೊಲೆಯನ್ನು ಅಡ್ಡಲಾಗಿ ಇಡುವುದು ಇಲ್ಲಿಯ ಕ್ರಮ. ಭಾರವೆಲ್ಲವೂ ನೆಟ್ಟಗೆ ಕೆಳಕ್ಕೆ ಇಳಿಯುವುದು. ಸಂಸ್ಕೃತದಲ್ಲಿ ಇಂತಹ ಅಲಂಕೃತ ದ್ವಾರಕ್ಕೆ ತೋರಣವೆಂಬ ಹೆಸರಿದೆ. ಆ ಮಾತು ಕನ್ನಡದ ಮನೆಗೆ ಬಂದಾಗ ಮಾವಿನೆಲೆಯ ಸರವಾಗಿ ಬಾಗಿಲ ಮೇಲೇರಿತು. ಈ ಭೇದವನ್ನು ಇಲ್ಲಿ ಹೇಳಿದುದು ಪಾಂಡಿತ್ಯಕ್ಕಾಗಿ ಅಲ್ಲ. ಕಂಬವೂ ತೊಲೆಯೂ ನೇರವಾಗಿರುವ ಕಟ್ಟಡವನ್ನು ಪಟ ತೆಗೆಯುವಾಗ ಕ್ಯಾಮರಾ ಸ್ವಲ್ಪ ವಾಲಿದರೂ ದೋಷವು ಎದ್ದು ಕಾಣುವುದು. ಅದರ ವಿಚಾರ ಮುಂದೆ ಬರುವುದು.

ಇನ್ನು ಮಂಜಿನ ಮಾತು. ಅಮರಸಿಂಹನು ತನ್ನ ಕೋಶದಲ್ಲಿ ನೀಹಾರ, ತುಷಾರ, ಪ್ರಾಲೇಯ ಮೊದಲಾದ ಪದಗಳನ್ನು ಒಂದೇ ಕಡೆ ಕೂಡಿಸಿರುವನು. ಕನ್ನಡವಾದರೋ ಹುಲ್ಲಿನ ಮೇಲೆ ಹನಿಯಾಗಿ ಕೂತದ್ದನ್ನು ಇಬ್ಬನಿಯೆಂದೂ ಗಾಳಿಯಲ್ಲಿ ನಿಂತದ್ದನ್ನು ಮಂಜೆಂದೂ ಬೇರ್ಪಡಿಸುವುದು. ಆಶ್ವಯುಜದ ಹಿಂಗಾರು ಮಳೆಯು ನೆಲವನ್ನೂ ಕೆರೆಗದ್ದೆಗಳನ್ನೂ ನೆನೆಸಿರುತ್ತದೆ. ಕಾರ್ತಿಕದಲ್ಲಿ ಮೋಡವಿಲ್ಲದ, ಗಾಳಿಯಾಡದ ರಾತ್ರಿ ಬಂದಿತೆಂದರೆ ನೆಲವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುವುದು. ನೆಲಕ್ಕೆ ತಾಗಿದ ತೇವದ ಗಾಳಿಯೂ ತಣಿದು, ಅದರೊಳಗಿನ ನೀರಾವಿಯು ಸಣ್ಣ ಹನಿಗಳಾಗುವುದು. ಹೊಳೆಯ ಪಕ್ಕದ ತಗ್ಗಿನಲ್ಲಿ ಹೀಗೆ ಹುಟ್ಟಿದ ಮಂಜು ಬಿಸಿಲೇರುವವರೆಗೂ ಕದಲುವುದಿಲ್ಲ. ಒಂದು ಕಿಲೋಮೀಟರಿಗಿಂತ ಕಡಿಮೆ ದೂರದ ವಸ್ತುವೂ ಕಾಣದಂತಾದರೆ ಮಾತ್ರ ಅದನ್ನು ಹವಾಮಾನಶಾಸ್ತ್ರಜ್ಞರು ಮಂಜೆಂದು ಎಣಿಸುವರು. ಬಿಳಿಗಿರಿರಂಗನ ಬೆಟ್ಟದ ಮೇಲೂ, ಹನೂರಿನಿಂದ ಮಹದೇಶ್ವರನ ಬೆಟ್ಟಕ್ಕೆ ಏರುವ ಹಾದಿಯಲ್ಲಿಯೂ ಯಾತ್ರಿಕರನ್ನು ಮುತ್ತುವುದು ಬಹುಮಟ್ಟಿಗೆ ಬೇರೆಯ ಬಗೆಯದು. ಅದು ಬೆಟ್ಟಕ್ಕೆ ತಾಗಿ ನಿಂತ ಮೋಡವೇ.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರು. ಶರತ್ಕಾಲದ ಕಾಡೆಂದರೆ ಕೆಂಪು ಹಳದಿ ಎಲೆಗಳ ರಾಶಿಯೆಂದು ಪಾಶ್ಚಾತ್ಯ ಪಟಗಳಿಂದ ಕಲಿತವರು ಅಲ್ಲಿಗೆ ಹೋದರೆ ಬೆರಗಾಗುವರು. ನಮ್ಮ ಮತ್ತಿ, ದಿಂಡಿಗ, ಹೊನ್ನೆ ಮರಗಳು ಶರತ್ತಿನಲ್ಲಿ ಮಳೆಯುಂಡು ಹಸುರಾಗಿಯೇ ಇರುತ್ತವೆ. ಅವು ಎಲೆಯುದುರಿಸುವುದು ನೀರು ಬತ್ತುವ ಶಿಶಿರದಲ್ಲಿ, ಮಾಘ ಫಾಲ್ಗುಣಗಳಲ್ಲಿ. ಅಲ್ಲಿ ಚಳಿಗೆ ಅಂಜಿ ಎಲೆ ಬೀಳುವುದು, ಇಲ್ಲಿ ಬಾಯಾರಿಕೆಗೆ ಅಂಜಿ. ಆದುದರಿಂದ ನಮ್ಮ ಶರತ್ತಿನ ಮಂಜಿನ ಪಟದಲ್ಲಿ ಬಣ್ಣವನ್ನು ಹುಡುಕಬಾರದು. ಕರಿದಾದ ಕಲ್ಲು, ಬಿಳಿದಾದ ಮಂಜು, ಇವೆರಡರ ನಡುವಣ ಬೂದಿಬಣ್ಣದ ನೂರು ಮೆಟ್ಟಿಲುಗಳು, ಇವೇ ಅದರ ಸಂಪತ್ತು. ಬೆಟ್ಟದ ಕಾಡು 2011ರಿಂದ ಹುಲಿಸಂರಕ್ಷಿತ ಪ್ರದೇಶವಾಗಿದೆ. ಮಂಜಿನ ಮೋಹಕ್ಕೆ ಸಿಕ್ಕಿ ದಾರಿಯ ನಡುವೆ ವಾಹನದಿಂದ ಇಳಿಯಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮೊದಲನೆಯ ಪಟವನ್ನು ಮಂಜಿನಲ್ಲಿಯೇ ತೆಗೆಯತಕ್ಕದ್ದು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಸ್ಥಳದಲ್ಲಿರಬೇಕು. ಬೆಚ್ಚಗಿನ ಮನೆಯಿಂದ ಹೊರಕ್ಕೆ ಬಂದಾಗಲೂ, ಆಮೇಲೆ ತಣ್ಣಗಿನ ಕ್ಯಾಮರಾ ಬೆಚ್ಚಗಿನ ಮನೆಯನ್ನು ಸೇರಿದಾಗಲೂ ಮಸೂರದ ಮೇಲೆ ತೇವ ಕೂರಬಹುದು. ಚೀಲದಲ್ಲಿಯೇ ಕಾಲುಗಂಟೆ ಬಿಟ್ಟರೆ ಅದು ಹೊರಗಣ ಹವೆಗೆ ಹೊಂದಿಕೊಳ್ಳುವುದು. ತೇವವನ್ನು ಪಂಚೆಯ ತುದಿಯಿಂದಾಗಲಿ ಸೆರಗಿನಿಂದಾಗಲಿ ಒರೆಸದೆ, ಒಗೆದೊಣಗಿಸಿದ ಮೆತ್ತನೆಯ ಅರಿವೆಯನ್ನು ಬಳಸಬೇಕು. ಬೆಳಕು ಕಡಿಮೆಯಾದುದರಿಂದ ಕೈ ಅಲುಗಿದರೆ ಪಟ ಕದಡುವುದು. ಮುಕ್ಕಾಲಿ ಇದ್ದರೆ ಉತ್ತಮ. ಆದರೆ ಸ್ಮಾರಕಗಳಲ್ಲಿ ಅದಕ್ಕೆ ಅಪ್ಪಣೆ ಬೇಕಾಗುವುದುಂಟು, ಮುಂಚಿತವಾಗಿ ವಿಚಾರಿಸುವುದು ಲೇಸು. ಇಲ್ಲವಾದರೆ ಮರಳು ತುಂಬಿದ ಸಣ್ಣ ಚೀಲವನ್ನು ದ್ವಾರದಿಂದ ದೂರವಿರುವ ಯಾವುದಾದರೊಂದು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಕ್ಯಾಮರಾವನ್ನೋ ಮೊಬೈಲ್ ಫೋನನ್ನೋ ಕೂರಿಸಬಹುದು.

ಮಂಜಿನಲ್ಲಿ ಯಂತ್ರವು ಹೇಳಿದುದನ್ನೆಲ್ಲ ನಂಬುವಂತಿಲ್ಲ. ಕ್ಯಾಮರಾದೊಳಗಿನ ಬೆಳಕಿನ ಮಾಪಕವು ತನ್ನೆದುರಿನ ನೋಟವೆಲ್ಲವೂ ಒಟ್ಟಿನಲ್ಲಿ ನಡುಬೂದಿಬಣ್ಣದ್ದೆಂದು ಎಣಿಸಿಕೊಂಡು ಲೆಕ್ಕ ಹಾಕುವುದು. ಬಿಳಿಯ ಮಂಜು ಎದುರಾದಾಗ ಅದನ್ನೂ ಬೂದಿಯಾಗಿಸಲು ಬೆಳಕನ್ನು ಕಡಿಮೆ ಮಾಡುವುದು. ಆಗ ಪಟದಲ್ಲಿ ಮಂಜು ಕಾಣದೆ ಒಲೆಯ ಹೊಗೆ ಕಾಣುವುದು. ಆದ್ದರಿಂದ ಅದು ಹೇಳಿದುದಕ್ಕಿಂತ ಹೆಚ್ಚು ಬೆಳಕನ್ನು, ಸಾಮಾನ್ಯವಾಗಿ ಒಂದರ ಕಡೆ ಎರಡರಷ್ಟನ್ನು, ಕೊಡಬೇಕು. ಮೊಬೈಲಿನಲ್ಲಿಯಾದರೆ ತೆರೆಯನ್ನು ಮುಟ್ಟಿದಾಗ ಮೂಡುವ ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಸರಿಸಿದರೆ ಸಾಕು. ಫ್ಲ್ಯಾಷ್ ದೀಪವನ್ನಂತೂ ಹಚ್ಚಲೇಬಾರದು. ಅದರ ಬೆಳಕು ಬಾಗಿಲನ್ನು ಮುಟ್ಟುವುದಕ್ಕೆ ಮೊದಲೇ ಹತ್ತಿರದ ಹನಿಗಳಿಂದ ಹಿಮ್ಮರಳಿ ಬಿಳಿಯ ತೆರೆಯನ್ನು ಎಳೆಯುವುದು. ಬಣ್ಣದ ಗಾಜುಗಳಿಂದಲೂ ಮಂಜನ್ನು ಸೀಳಲಾಗದು. ದೂರದ ಬೆಟ್ಟದ ನೀಲಿ ಮಸಕನ್ನು ಅವು ಕೊಂಚ ತೆಗೆಯಬಲ್ಲವು. ಮಂಜಿನ ಹನಿಗಳಾದರೋ ಬೆಳಕಿನ ಅಲೆಗಿಂತ ಬಹು ದೊಡ್ಡವಾದುದರಿಂದ ಎಲ್ಲ ಬಣ್ಣಗಳನ್ನೂ ಸಮನಾಗಿ ಚೆದರಿಸುತ್ತವೆ. ಮಂಜು ಬೆಳ್ಳಗಿರುವುದು ಇದರಿಂದಲೇ.

ಹೀಗೆ ತೆಗೆದ ಪಟವು ಬಹು ಸೊಗಸಾಗಿರುವುದರಲ್ಲಿ ಸಂದೇಹವಿಲ್ಲ. ಬಾಗಿಲಿನ ಹಿಂದಣ ವಿದ್ಯುತ್ತಿನ ಕಂಬ, ತಂತಿ, ಸಿಮೆಂಟಿನ ಮನೆ, ಅಂಗಡಿಯ ಹಲಗೆ, ಎಲ್ಲವೂ ಮಂಜಿನಲ್ಲಿ ಕರಗಿರುವುವು. ಕಲ್ಲಿನ ದ್ವಾರವೊಂದೇ ಯಾವುದೋ ಕಾನನದ ನಡುವೆ ನಿಂತಂತೆ ತೋರುವುದು. ಒಂದು ಕಾರ್ತಿಕದ ಬೆಳಗ್ಗೆ ನಾವು ಹಳೆಯ ಶಿಷ್ಯನೊಬ್ಬನೊಡನೆ ಅಲ್ಲಿ ನಿಂತಿದ್ದಾಗ, ಹೂವಿನ ಬುಟ್ಟಿಯನ್ನು ಹೊತ್ತು ಬಂದ ಹೆಂಗಸೊಬ್ಬಳು ಅವನ ಕೈಯ ಪಟವನ್ನು ಬಗ್ಗಿ ನೋಡಿ, "ಚೆಂದಾಗದೆ ಕಣಪ್ಪ. ಆದ್ರೆ ನಮ್ಮೂರು ಎಲ್ಲದೆ ಇದ್ರೊಳ್ಗೆ?" ಎಂದು ಕೇಳಿದಳು. ಶಿಷ್ಯನು ನಕ್ಕನು. ಆಕೆ ನಗಲಿಲ್ಲ. "ಮಂಜು ಬುಡ್ಲಿ, ಇನ್ನೊಂದು ತಗೀರಿ ಮೇಷ್ಟ್ರೇ," ಎಂದು ನಮಗೆ ಹೇಳಿ, ಬುಟ್ಟಿಯನ್ನು ಸರಿಪಡಿಸಿಕೊಂಡು ಮುಂದೆ ನಡೆದಳು.

ಆಕೆಯ ಪ್ರಶ್ನೆಯು ಸಣ್ಣದಲ್ಲ. ಪಾಳುಬಿದ್ದ ಕಲ್ಲು, ನಿರ್ಜನವಾದ ಕಾಡು, ಮಸಕು ಬೆಳಕು, ಇವನ್ನು ಕೂಡಿಸಿ ಚಿತ್ರಿಸುವ ರೂಢಿಯನ್ನು ಹದಿನೆಂಟನೆಯ ಶತಮಾನದ ಆಂಗ್ಲ ಚಿತ್ರಕಾರರು ಬಳಕೆಗೆ ತಂದರು. ಅವರ ಕಣ್ಣಿಗೆ ಹಾಳಾದುದೇ ರಮ್ಯವಾಯಿತು. ಆದರೆ ಬಳೆಮಂಟಪವು ಯಾರೂ ಬಿಟ್ಟುಹೋದ ಕಾಡಿನ ಕಲ್ಲಲ್ಲ. ಊರಿನ ನಡುವೆ, ಜನರ ಓಡಾಟದ ನಡುವೆ ನಿಂತಿರುವ ಬಾಗಿಲು. ಊರನ್ನು ಅಳಿಸಿದ ಪಟವು ಕಣ್ಣಿಗೆ ಹಬ್ಬವಾದರೂ ಸಾಕ್ಷಿಯಾಗಲಾರದು.

ಛಾಯಾಚಿತ್ರದ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. 1839ರಲ್ಲಿ ಪ್ಯಾರಿಸಿನಲ್ಲಿ ಈ ವಿದ್ಯೆಯು ಪ್ರಕಟವಾಯಿತು. ಹದಿನೇಳು ವರ್ಷಗಳೊಳಗಾಗಿ, 1856ರಲ್ಲಿ, ಮದರಾಸಿನ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಇಳಿಸಿದನು. ಅಂದಿನ ಕಾಗದಕ್ಕೆ ಬೆಳಕು ಮೂಡಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ನಡೆದಾಡುವ ಮನುಷ್ಯನ ಗುರುತು ಅದರಲ್ಲಿ ನಿಲ್ಲುತ್ತಿರಲಿಲ್ಲ. ಇಲ್ಲಿ ಮಂಜು ಮಾಡುವ ಕೆಲಸವನ್ನು ಅಲ್ಲಿ ಕಾಲವೇ ಮಾಡಿತು. ಆದರೂ ಅವನ ಪಟಗಳ ಬೆಲೆ ಅಪಾರ. ಏಕೆಂದರೆ ಕಲ್ಲಿನ ಮಟ್ಟಿಗೆ ಅವು ಸ್ಪಷ್ಟವಾಗಿದ್ದವು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೊಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಮತ್ತೆ ಪಟ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತೆಂಬುದು ಕಣ್ಣಿಗೆ ಕಟ್ಟಿದಂತೆ ತಿಳಿಯುವುದು.

ಆದಕಾರಣ ಮಂಜು ಕರಗುವವರೆಗೂ ಕಾದಿದ್ದು ಎರಡನೆಯ ಪಟವನ್ನು ತೆಗೆಯಬೇಕು. ಕಂಬಗಳು ನೆಟ್ಟಗೆ ಕಾಣುವಂತೆ ಸಾಧ್ಯವಾದಷ್ಟು ದೂರದಲ್ಲಿ ನಿಂತು, ಕ್ಯಾಮರಾವನ್ನು ಮೇಲಕ್ಕೆ ಓರೆಮಾಡದೆ ನೇರವಾಗಿ ಹಿಡಿಯಬೇಕು. ಓರೆಮಾಡಿದರೆ ಕಂಬಗಳು ತುದಿಯಲ್ಲಿ ಒಂದರ ಕಡೆಗೊಂದು ವಾಲಿದಂತೆ ಬರುವುವು. ಶಿಲ್ಪಗಳ ಪಟಕ್ಕೆ ಬಿಸಿಲು ಎದುರಿನಿಂದ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಉಬ್ಬು ತಗ್ಗುಗಳು ನೆರಳಿನಿಂದ ತಾವೇ ಎದ್ದು ನಿಲ್ಲುವುವು. ಹತ್ತಿರದಿಂದ ಕರಿಯ ಕಲ್ಲನ್ನೇ ತುಂಬಿಕೊಳ್ಳುವಾಗ ಮಾಪಕದ ತಪ್ಪು ತಿರುವುಮುರುವಾಗುವುದು. ಅಲ್ಲಿ ಬೆಳಕನ್ನು ಸ್ವಲ್ಪ ತಗ್ಗಿಸಬೇಕು. ಅಳತೆ ತಿಳಿಯುವಂತೆ ಒಂದು ಪಟದಲ್ಲಾದರೂ ಅಡಿಕೋಲನ್ನು ಪಕ್ಕದಲ್ಲಿ ಹಿಡಿದಿರಬೇಕು. ಅಕ್ಷರವಾಗಲಿ ಮೂರ್ತಿಯಾಗಲಿ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ, ಎಣ್ಣೆ, ನೀರು ಬಳಿಯುವ ದುರಭ್ಯಾಸವು ಕೆಲವರಲ್ಲಿ ಇರುವುದು. ಇದನ್ನು ಸರ್ವಥಾ ಬಿಡಬೇಕು. ಬಳೆಗಳನ್ನಂತೂ ಮಕ್ಕಳು ಹಿಡಿದು ಜಗ್ಗದಂತೆ ಹಿರಿಯರು ನೋಡಿಕೊಳ್ಳತಕ್ಕದ್ದು. ಒಂದೇ ಕಲ್ಲಿನಿಂದ ಕಡೆದ ಬಳೆಯು ಒಡೆದರೆ ಯಾವ ಬಳೆಗಾರನೂ ಬೇರೊಂದನ್ನು ತೊಡಿಸಲಾರನು.

ಸರ್ಕಾರದ ಇಲಾಖೆಗಳಿರುವಾಗ ಗೃಹಸ್ಥರಿಗೆ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಇಲಾಖೆಗಳು ಮಾಡಿರುವ ಕೆಲಸವು ಅಲ್ಪವಲ್ಲ. ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ ಯಳಂದೂರು ಸೀಮೆಯ ಶಾಸನಗಳು ಸೇರಿದವು. ಆದರೆ ಕೂಗಳತೆಯಲ್ಲಿರುವ ಕೊಳ್ಳೇಗಾಲವು ಅಂದು ಮದರಾಸಿನ ಅಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳ್ಳೇಗಾಲವೂ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರೂ ಮೈಸೂರು ರಾಜ್ಯವನ್ನು ಸೇರಿದುದು 1956ರಲ್ಲಿ. ಗಡಿಯ ಗೆರೆಯೊಂದು ಅಡ್ಡ ಬಂದುದರಿಂದ ನೆರೆಯ ಊರಿನ ಕಲ್ಲು ಪುಸ್ತಕದ ಹೊರಗೆ ಉಳಿಯಿತು. ಮನೆಯವರು ತೆಗೆದಿಡುವ ಪಟಕ್ಕೆ ಇಂತಹ ಗಡಿಯಿಲ್ಲ.

ಪಟವು ಇಲ್ಲದೆ ಹೋದರೆ ಏನಾಗುವುದೆಂಬುದಕ್ಕೂ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಶಿವನಸಮುದ್ರದ ಬಳಿ ಕಾವೇರಿಗೆ ರಾಮಸ್ವಾಮಿ ಮೊದಲಿಯಾರರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದ ಕಲ್ಲುಕಂಬಗಳ ಸೇತುವೆಗಳನ್ನು ನಮ್ಮ ಸೀಮೆಯಲ್ಲಿ ಕಾಣದವರು ವಿರಳ. ಅವುಗಳಲ್ಲಿ ವೆಲ್ಲೆಸ್ಲಿ ಸೇತುವೆಯೆಂದು ಹೆಸರಾದುದರ ಒಂದು ಭಾಗವು 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅಷ್ಟು ವರ್ಷಗಳ ಕಾಲ ಹೊಳೆಯನ್ನು ತಡೆದು ನಿಂತ ಕಲ್ಲು ಕೆಲವೇ ದಿನಗಳಲ್ಲಿ ಇಲ್ಲವಾಯಿತು. ಹಿಂದಿನ ದಿನದವರೆಗೂ ಅದರ ಮುಂದೆ ನಿಂತು ಪಟ ತೆಗೆಸಿಕೊಂಡವರು ಎಷ್ಟೋ ಮಂದಿ; ಆದರೆ ಅಂತಹ ಪಟಗಳಲ್ಲಿ ಸಾಮಾನ್ಯವಾಗಿ ನಮ್ಮ ಮುಖಗಳೇ ತುಂಬಿ, ಕಲ್ಲು ಹೆಗಲ ಹಿಂದೆ ಬೆರಳಗಲ ಮಾತ್ರ ಕಾಣುವುದು.

ಹೀಗೆಂದ ಮಾತ್ರಕ್ಕೆ ಮನುಷ್ಯರ ಪಟ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ಕಂದಿದ ಪಟವಿದೆ. ಕಲ್ಲಿನ ಕಂಬದ ಪಕ್ಕದಲ್ಲಿ ನಮ್ಮ ತಾಯಿಯವರು ಎಳೆಯ ಕೂಸೊಂದನ್ನು ಎತ್ತಿಕೊಂಡು ನಿಂತಿದ್ದಾರೆ. ಆ ಕೂಸು ನಾವೋ, ನಾವು ಹುಟ್ಟುವ ಮೊದಲೇ ತೀರಿಕೊಂಡ ನಮ್ಮ ಅಕ್ಕನೋ ತಿಳಿಯದು. ಕಂಬವು ಯಾವ ದೇವಾಲಯದ್ದೆಂಬುದೂ ತಿಳಿಯದು. ಕಂಬದ ಮೇಲ್ಭಾಗವು ಪಟದಲ್ಲಿ ಬಂದಿದ್ದರೆ ಗುರುತಿಸಬಹುದಾಗಿತ್ತು. ಹಿಂಭಾಗದಲ್ಲಿ ಒಂದು ಅಕ್ಷರವೂ ಇಲ್ಲ. ಬಲ್ಲವರೆಲ್ಲರೂ ಹೋಗಿಬಿಟ್ಟಿರುವರು. ಅಕ್ಕನ ಬೇರೆ ಪಟವು ಮನೆಯಲ್ಲಿ ಯಾವುದೂ ಇಲ್ಲವಾದುದರಿಂದ, ಇದು ಆಕೆಯದೇ ಇರಬೇಕೆಂದು ನಮ್ಮ ತಂಗಿಯು ದೇವರಮನೆಯ ಪಕ್ಕದಲ್ಲಿ ಕಟ್ಟುಹಾಕಿಸಿ ಇಟ್ಟಿರುವಳು. ಎರಡು ಮಾತು ಬರೆದಿಟ್ಟಿದ್ದರೆ ಒಂದು ಕಲ್ಲಿಗೂ ಒಂದು ಕೂಸಿಗೂ ಹೆಸರು ಉಳಿಯುತ್ತಿತ್ತು.

ಆದುದರಿಂದ ಗೃಹಿಣಿಯರಲ್ಲಿಯೂ ಮಕ್ಕಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಮೊಬೈಲಿನಲ್ಲಿ ತೆಗೆದ ಸಾವಿರ ಪಟಗಳಲ್ಲಿ ವರ್ಷಕ್ಕೆ ಹತ್ತನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚುಹಾಕಿಸಬೇಕು. ಊರು, ತಿಂಗಳು, ವರ್ಷ, ಯಾವ ದಿಕ್ಕಿನಿಂದ ತೆಗೆದದ್ದು, ಅದರಲ್ಲಿರುವವರು ಯಾರು ಎಂಬುದನ್ನು ಹಿಂಭಾಗದಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ, ಒತ್ತಿ ಬರೆಯದೆ, ಗುರುತುಮಾಡಬೇಕು. ಒಂದು ಪ್ರತಿಯು ಮನೆಯಲ್ಲಿರಲಿ. ಒಂದನ್ನು ಬೇರೆ ಊರಿನ ನೆಂಟರಿಗೆ ಕೊಡಿರಿ. ಇನ್ನೊಂದನ್ನು ನಿಮ್ಮೂರಿನ ಶಾಲೆಗೋ ಗ್ರಂಥಾಲಯಕ್ಕೋ ಒಪ್ಪಿಸಿರಿ. ಒಂದು ಕಡೆ ಗೆದ್ದಲು ತಿಂದರೂ ಮತ್ತೊಂದು ಕಡೆ ಉಳಿಯುವುದು.

ಈ ಕಾರ್ತಿಕದಲ್ಲಿ ಯಳಂದೂರಿನ ಕಡೆಗೆ ಹೋಗುವವರು ಬೆಳಗಿನ ಜಾವಕ್ಕೆ ಎದ್ದು ಮಂಜಿನ ಪಟವನ್ನು ಮನದಣಿಯೆ ತೆಗೆಯಲಿ. ಆಮೇಲೆ ಒಂದು ಲೋಟ ಕಾಫಿಯನ್ನು ಕುಡಿದು, ಬಿಸಿಲು ಬರುವವರೆಗೂ ಕಾದು, ತಂತಿ, ಅಂಗಡಿ, ಹೂವಿನ ಬುಟ್ಟಿ, ಬರಹೋಗುವ ಜನ, ಎಲ್ಲವೂ ಇರುವಂತೆ ಇನ್ನೊಂದನ್ನು ತೆಗೆಯಲಿ. ಮೊದಲನೆಯದನ್ನು ಗೋಡೆಗೆ ತೂಗುಹಾಕಬಹುದು. ಎರಡನೆಯದನ್ನು, ಹಿಂಭಾಗದಲ್ಲಿ ಬರೆದು, ಜೋಪಾನವಾಗಿ ತೆಗೆದಿಡಬೇಕು. ಐವತ್ತು ವರ್ಷಗಳ ಮೇಲೆ ಮೊಮ್ಮಕ್ಕಳು ಹುಡುಕುವುದು ಅದನ್ನೇ.